ಮಾಳೇಶನ ಪಾಳಿ

ಅತ್ತೆಯ ದಿನದ ಊಟ ಮುಗಿದಿತ್ತು. ಬಾಡಿಗೆಗೆ ತಂದ ಹಂಡೆ, ಕೊಳಗಗಳನ್ನು ರೋಜಾ ಇನ್ನೂ ಬೂದಿ ಹಾಕಿ ತಿಕ್ಕುತ್ತಿದ್ದಳು. ಅಷ್ಟರಲ್ಲೇ ಜಗಲಿಯ ಮೇಲೆ ಮಾಳೇಶನ ಕುರಿತ ಮಾತು ಬಂತು. ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅತ್ತೆ ಮಾಳಮ್ಮ ಮಣ್ಣಾದ ಗಳಿಗೆಯಿಂದ ಈಸೂರಿನ ಆ ಮನೆಯಲ್ಲಿ ಎಲ್ಲರ ನಾಲಿಗೆಯ ತುದಿಯಲ್ಲೂ ಇದ್ದದ್ದು ಅದೇ. ದಿನ ಕಳೆಯುವ ಮೊದಲು ಆಡಬಾರದೆಂದು ನುಂಗಿಕೊಂಡಿದ್ದರು, ಅಷ್ಟೆ.

"ಮುದುಕಿ ಇರೋತನಕ ನಡೀತು," ನೆರೆಮನೆಯ ನಾಗರಾಜಪ್ಪ ಅಡಿಕೆ ಜಗಿಯುತ್ತ ಶುರು ಮಾಡಿದರು. ಹಿಸ್ಸೆಯಿರಲಿ, ಬದುವಿನ ತಕರಾರಿರಲಿ, ಗಂಡಹೆಂಡಿರ ಜಗಳವಿರಲಿ, ಆ ಕೇರಿಯಲ್ಲಿ ಬಗೆಹರಿಸುವವರು ಅವರೇ. "ಇನ್ನು ಮಾಳೇಶನ್ನ ನೋಡ್ಕಳ್ಳೋರು ಯಾರು, ಅದು ಹೇಳ್ರಿ."

ರೋಜಾಳ ಗಂಡ ಲೋಕಪ್ಪ ನೆಲ ನೋಡುತ್ತ ಕೂತ. ಮಾಳೇಶ ಅವನ ಬೆನ್ನಿಗೆ ಬಿದ್ದ ತಮ್ಮ. ಇಬ್ಬರಿಗೂ ಕಿರಿಯಳಾದ ತಂಗಿ ಗಂಗಾಶ್ರೀ, ಸೊರಬದ ಕುಪ್ಪಗಡ್ಡೆಗೆ ಕೊಟ್ಟವಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಣ್ಣನ ಮನೇಲಿ ಇರ್ತಾನೆ. ಇನ್ನೆಲ್ಲಿಗೆ ಹೋಗ್ತಾನೆ?"

ರೋಜಾ ಕೈಯಲ್ಲಿದ್ದ ತೆಂಗಿನ ನಾರನ್ನು ಎಸೆದು ಎದ್ದು ಬಂದಳು.

"ಅಣ್ಣನ ಮನೇಲಿ ಅಂದ್ರೆ ನನ್ನ ಕುತ್ತಿಗೆಗೆ ಅಂತ ಹೇಳು ಗಂಗ. ಅನ್ನ ಹಾಕೋದು ನಾನು, ಬಟ್ಟೆ ಒಗೆಯೋದು ನಾನು, ನೀರು ಕಾದೈತಿ ಸ್ನಾನ ಮಾಡು ಅಂತ ನಾಕು ಸಲ ಒದರೋದು ನಾನು. ನಿಮ್ಮಣ್ಣಾರು 'ಉಂಡ್ಯೇನೋ' ಅಂತ ಕೇಳ್ತಾರೆ. ಅಲ್ಲಿಗೆ ಅವರ ಕೆಲಸ ಮುಗೀತು. ನೀನೂ ಅದೇ ಹೊಟ್ಟ್ಯಾಗ ಹುಟ್ಟಿದೋಳಲ್ಲೇನು?"

"ಅತ್ತಿಗೆ, ನಂದು ಅತ್ತೆ ಇರೋ ಮನೆ."

"ನಂದೂ ಅತ್ತೆ ಇದ್ದ ಮನೇನೇ, ಮೊನ್ನೆವರೆಗೂ."

ಮಾಳೇಶ ಅಲ್ಲೇ ಕಂಬಕ್ಕೆ ಒರಗಿ ಬೀಡಿ ಸೇದುತ್ತ ಕೂತಿದ್ದ. ನಲವತ್ತು ದಾಟಿದ ಆಳು, ಮುಂದಿನ ಎರಡು ಹಲ್ಲಿಲ್ಲ. ಹರೆಯದಲ್ಲಿ ಶಿಕಾರಿಪುರದಲ್ಲಿ ಐಟಿಐ ಕಲಿಯುತ್ತಿದ್ದಾಗ ಒಂದು ದಿನ, ಬಸ್ಸಿನಲ್ಲಿದ್ದವರೆಲ್ಲ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ಅರ್ಧ ದಾರಿಯಲ್ಲಿಳಿದು ನಡೆದು ಬಂದ. ಆಮೇಲಿನ ಆರೇಳು ವರ್ಷ ಇಡೀ ಮನೆ ಕೆಂಡದ ಮೇಲೆ ಕೂತಿತ್ತು. ಡಾಕ್ಟರು ಅದಕ್ಕೆ ಸ್ಕಿಜೋಫ್ರೇನಿಯಾ ಅಂದರು. ಊರವರು ಅಂದದ್ದು ಬೇರೆ. ಮಾಳಮ್ಮ ಯಾರ ಮಾತಿಗೂ ಕಿವಿಗೊಡದೆ, ತಾಲ್ಲೂಕಿಗೆ ಮನಸ್ಸಿನ ಡಾಕ್ಟರು ಬರುವ ತಿಂಗಳ ಕೊನೆಯ ಮಂಗಳವಾರ ಮಗನನ್ನು ಕರೆದುಕೊಂಡು ಹೋಗಿ ಸೂಜಿ ಹಾಕಿಸುತ್ತಿದ್ದಳು. ಬರುವಾಗ ತಾಯಿ ಮಗ ಒಂದೊಂದು ದೋಸೆ ತಿಂದು ಬರುತ್ತಿದ್ದರು. ಒಂದು ತಿಂಗಳೂ ತಪ್ಪಿದ್ದಿಲ್ಲ.

ಹಾಗೆ ಅವನಿಗೊಂದು ಬದುಕು ಕೂಡಿಬಂದಿತ್ತು. ಮೂವತ್ತು ಚಿಲ್ಲರೆ ಕುರಿ, ಅದರಲ್ಲೊಂದು ಕಾಲೆಳೆಯುವ ಕುಂಟಿ. ಬೆಳಿಗ್ಗೆ ರೊಟ್ಟಿ ಗಂಟು ಕಟ್ಟಿಕೊಂಡು ಹೊರಟರೆ ಕೆರೆಯ ಅಂಗಳ, ಕಾಲುವೆಯ ಏರಿ, ಬೀಳು ಹೊಲ. ಬರುವುದು ದೀಪ ಹಚ್ಚುವ ಹೊತ್ತಿಗೆ. ಸೂಜಿಯಿಂದ ಕೈ ನಡುಗುತ್ತಿತ್ತು. ಚಾ ಲೋಟ ತುಟಿ ಮುಟ್ಟುವಷ್ಟರಲ್ಲಿ ಅಂಗಿಯ ಮೇಲೆ ಎರಡು ಹನಿ ಬೀಳುತ್ತಿತ್ತು. ಕಿವಿಯಲ್ಲಿ ಮಾತಾಡುವವರು ಪೂರ್ತಿ ಬಿಟ್ಟುಹೋಗಿರಲಿಲ್ಲ. "ಅದಾರೆ," ಅನ್ನುತ್ತಿದ್ದ, ರೋಜಾಳ ಮಗಳು ಸಂಗೀತ ಕೇಳಿದರೆ. "ಆದ್ರೆ ಮೆಲ್ಲಕ್ಕೆ. ಪಕ್ಕದ ಮನೇರ ಟೀವಿ ಇದ್ದಂಗೆ."

ನಾಗರಾಜಪ್ಪ ಅಡಿಕೆ ಉಗಿದು ಬಂದು ಕೂತರು. "ಹಂಗಾರೆ ಪಾಳಿ ಹಾಕ್ಕಳ್ರಿ. ಮುದುಕರನ್ನ ಮಕ್ಕಳು ಹಂಚಿಕೊಳ್ಳಲ್ವ, ಹಂಗೇ. ಅಮಾಸಿಯಿಂದ ಅಮಾಸಿಗೆ. ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಕುಪ್ಪಗಡ್ಡೆಗೆ. ಅವನ ಪಾಲಿನ ಒಂದೂವರೆ ಎಕರೆ ಬೆಳೇನೂ ಹಂಗೇ ಹಂಚಿಕಳ್ರಿ. ಯಾರಿಗೂ ಅನ್ಯಾಯ ಇಲ್ಲ."

ಗಂಗಾಶ್ರೀಯ ಗಂಡ ಕೊಟ್ರೇಶ್ ತಲೆ ಕೆರೆದುಕೊಂಡು "ಆಗ್ಲಿ" ಅಂದ. ಲೋಕಪ್ಪ "ಹ್ಞೂಂ" ಅಂದ. ರೋಜಾ ಒಳಗೆ ಹೋದಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು.

ಮಾಳೇಶನನ್ನು ಯಾರೂ ಕೇಳಲಿಲ್ಲ. ಅವನು ಬೀಡಿ ಆರಿಸಿ, "ಕುರಿ ಬಿಡೋ ಹೊತ್ತಾತು," ಎಂದು ಎದ್ದು ಹೋದ.

*

ಭೀಮನ ಅಮಾವಾಸ್ಯೆಗೆ ಮೊದಲ ಪಾಳಿ ಕುಪ್ಪಗಡ್ಡೆಯದು. ಲೋಕಪ್ಪ ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನವರೆಗೆ ಕರೆದೊಯ್ದ. ಅಲ್ಲಿಗೆ ಕೊಟ್ರೇಶ್ ಬೈಕು ತಂದಿದ್ದ. ಒಂದು ಬಟ್ಟೆಯ ಚೀಲ, ಒಂದು ಮಾತ್ರೆಯ ಕವರು, ಒಬ್ಬ ಮನುಷ್ಯ ಈ ಕೈಯಿಂದ ಆ ಕೈಗೆ ದಾಟಿದರು. ಸಂತೆಯಲ್ಲಿ ಹೋತ ಕೈ ಬದಲಾದಾಗಲೂ ಇನ್ನಷ್ಟು ಮಾತು ನಡೆಯುತ್ತದೆ.

ಸುಳ್ಳೇಕೆ, ಆ ತಿಂಗಳು ರೋಜಾ ಕಣ್ಣು ತುಂಬ ನಿದ್ದೆ ಮಾಡಿದಳು. ಮಾಳೇಶನ ಹಾಸಿಗೆ ಬಿಸಿಲಿಗೆ ಹಾಕಿದಳು. ಬೀಡಿ ತುಂಡಿಲ್ಲದ ಜಗಲಿ ನೋಡಿ ಸುಮ್ಮನೆ ಅದರ ಮೇಲೆ ಸ್ವಲ್ಪ ಹೊತ್ತು ಕೂತಳು. ಎರಡು ದಿನ ತವರಿಗೂ ಹೋಗಿ ಬಂದಳು.

ಕಷ್ಟ ಬಂದದ್ದು ಕುರಿಯದು. ಲೋಕಪ್ಪ ಮೆಕ್ಕೆಜೋಳದ ಕಳೆ ನೋಡಬೇಕೋ, ಕುರಿ ಕಾಯಬೇಕೋ? ಮಂಡಿ ನೋವು ಬೇರೆ.

"ಆಳು ಹಾಕ್ರಿ," ಅಂದಳು ರೋಜಾ.

"ಒಂದು ತಿಂಗಳಿಗೆ ಬಾ, ಮುಂದಿನ ತಿಂಗಳು ಬ್ಯಾಡ, ಅದರ ಮುಂದಿನ ತಿಂಗಳು ಬಾ ಅಂದ್ರೆ ಯಾವ ಆಳು ಬರ್ತಾನೆ? ಕುರಿಗೇನು ಅಮಾಸಿ ಗೊತ್ತಾಗ್ತೈತೇನೆ?"

ವಾರದೊಳಗೆ ಹಿರೇಕೆರೂರು ಕಡೆಯ ಕುರಿಗಾರನೊಬ್ಬ ಬಂದ. ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ಇವರಿಗೆ ಎಂಬ ಕರಾರಿನ ಮೇಲೆ ಇಡೀ ಹಿಂಡನ್ನು ಪಾಲಿಗೆ ಹೊಡೆದುಕೊಂಡು ಹೋದ. ಈ ಮನೆಯ ಕುರಿಗಳಿಗೆ ಎಡಗಿವಿಯಲ್ಲಿ ಎರಡು ಕಚ್ಚು. ಲೋಕಪ್ಪನ ಅಜ್ಜನ ಕಾಲದ ಗುರುತು. ಸಾವಿರ ಕುರಿಯಲ್ಲಿ ಬೆರೆತರೂ ತಪ್ಪುವುದಿಲ್ಲವೆಂದು ಲೋಕಪ್ಪ ಧೈರ್ಯವಾಗಿದ್ದ.

ಬೆನಕನ ಅಮಾವಾಸ್ಯೆಗೆ ಮಾಳೇಶ ತಿರುಗಿ ಬಂದ. ಚೀಲ ಜಗಲಿಯ ಮೇಲೆ ಎಸೆದು ನೇರ ಹಿತ್ತಲ ದೊಡ್ಡಿಗೆ ಹೋದ. ರೋಜಾ ಅಕ್ಕಿ ಆರಿಸುತ್ತಿದ್ದಳು. ಅವನು ಬಂದು ಬಾಗಿಲಲ್ಲಿ ನಿಂತ.

"ಅತ್ತಿಗಿ, ಕುರಿ?"

"ನಿಮ್ಮಣ್ಣ ಪಾಲಿಗೆ ಕೊಟ್ಟಾರೆ."

"ಯಾರಿಗೆ?"

"ಹಿರೇಕೆರೂರು ಕಡೆಯೋನಿಗೆ."

"ಕುಂಟಿಯ ಗೊರಸು ಬೆಳೀತಿರ್ತೈತಿ. ಆಗಾಗ ಕೆತ್ತಬೇಕು. ಅವಂಗೆ ಗೊತ್ತೇನು?"

"ಕುರಿ ಕಾಯೋನಿಗೆ ಗೊರಸು ಗೊತ್ತಿರಲ್ವೇನೋ?"

"ಬ್ಯಾರೆ ಕುರಿ ಗೊತ್ತಿರ್ತೈತಿ. ಕುಂಟಿ ಗೊತ್ತಿರಲ್ಲ."

ಲೋಕಪ್ಪ ಒಳಗಿನಿಂದ ಕೂಗಿದ. "ನಿಂಗೂ ಒಳ್ಳೇದಾತು ಬಿಡೋ. ಬಿಸಿಲು ಮಳೆ ಅಂತ ಅಲೀತಿದ್ದೆ. ಇನ್ನು ಆರಾಮ ಉಂಡು ಮಲಕ್ಕ."

ಮಾಳೇಶ ಉಂಡು ಮಲಗಿದ. ಮರುದಿನವೂ ಉಂಡು ಮಲಗಿದ. ಮೂರನೆಯ ದಿನ ಕಾಲೇಜಿನಿಂದ ಬಂದ ಸಂಗೀತ ಅವನ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತ ಕೇಳಿದಳು, "ಗಂಗಾತ್ತೆ ಮನೇಲಿ ಏನ್ ಮಾಡ್ತಿದ್ದೆ ಚಿಗಪ್ಪ?"

"ಕೂತಿದ್ದೆ."

"ಆಮೇಲೆ?"

"ಏಳು ಅಂದ್ರೆ ಏಳ್ತಿದ್ದೆ."

"ಕೆಲಸ ಗಿಲಸ?"

"ಗಂಗ ಕಸಬರಿಗೇನೂ ಮುಟ್ಟಾಕೆ ಬಿಡಲ್ಲ. ಪಾಪ, ಪಾಪ ಅಂತಾಳೆ. ಅವಳ ಅತ್ತೆ ನಂಗೆ ತಟ್ಟೆ ಬ್ಯಾರೆ ಇಟ್ಟಾಳೆ. ಹೊಸಾದೇ. ಚಲೋ ಐತಿ."

"ಥೂ," ಅಂದಳು ಸಂಗೀತ. "ನೆಂಟ ಅಂತ ತಿಳ್ಕೊಂಡಾರೋ, ನಾಯಿ ಅಂತಾನೋ?"

"ನಾಯಿಗಾದ್ರೆ ಮನೆ ಕಾಯೋ ಕೆಲಸ ಇರ್ತೈತಿ," ಅಂದ ಮಾಳೇಶ. ಅಡುಗೆಮನೆಯಲ್ಲಿದ್ದ ರೋಜಾಳಿಗೆ ನಗು ಬಂತು. ನಕ್ಕಳು ಕೂಡ.

ಆ ತಿಂಗಳ ಕೊನೆಯ ಮಂಗಳವಾರ ಹೊಲಕ್ಕೆ ಗೊಬ್ಬರ ಹಾಕುವ ಹೆಂಗಸರು ಬರುವವರಿದ್ದರು. ರೋಜಾ ಅವರಿಗೆ ಬುತ್ತಿ ಕಟ್ಟುತ್ತ ಕೇಳಿದಳು.

"ಮಾಳೇಶ, ನಿನ್ನ ಸೂಜಿ ಆತೇನೋ?"

"ಆತು."

"ಎಲ್ಲಿ?"

"ಗಂಗ ಸೊರಬಕ್ಕೆ ಕರ್ಕೊಂಡೋಗಿದ್ಲು."

ಒಂದು ದಿನದ ಕೆಲಸ ಉಳಿಯಿತೆಂದು ರೋಜಾಳಿಗೆ ಸಮಾಧಾನವಾಯಿತು. ಕವರಿನಲ್ಲಿದ್ದ ಮಾತ್ರೆಯನ್ನು ಮಾತ್ರ, ತೀರಿದಾಗ ಹಳೆ ಚೀಟಿಗೆ ಅಂಗಡಿಯಿಂದ ತರಿಸಿ, ಎರಡೂ ಹೊತ್ತು ತಾನೇ ಕೈಗೆ ಹಾಕಿ, ನುಂಗುವವರೆಗೆ ಎದುರಿಗೆ ನಿಲ್ಲುತ್ತಿದ್ದಳು. ಅದರಲ್ಲಿ ಅವಳು ಒಂದು ದಿನವೂ ತಪ್ಪಲಿಲ್ಲ.

*

ಮಹಾಲಯಕ್ಕೆ ಹೋದ ಮಾಳೇಶ ದೀಪಾವಳಿಗೆ ಬಂದಾಗ ಬೇರೆಯೇ ಮನುಷ್ಯನಾಗಿದ್ದ. ರೋಜಾ ಕೊಟ್ಟ ಚಾ ಲೋಟವನ್ನು ಒಂದು ಹನಿ ತುಳುಕದಂತೆ ಹಿಡಿದು ಕುಡಿದ. ಮುಖದ ಮೇಲಿನ ಬೊಂಬೆ ಕಳೆ ಹೋಗಿ ಹುಬ್ಬು, ತುಟಿ ಆಡುತ್ತಿದ್ದವು. ಕೆಟ್ಟು ಮೂಲೆ ಸೇರಿದ್ದ ಮಿಕ್ಸಿಯನ್ನು ತಾನೇ ಬಿಚ್ಚಿ, ಕೂದಲೆಳೆಯಂಥ ತಂತಿಯನ್ನು ಸುತ್ತಿ, ಬೆಸುಗೆ ಹಾಕಿ ತಿರುಗಿಸಿ ತೋರಿಸಿದ. ಐಟಿಐ ಕಲಿತ ಕೈ ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಎಂದು ಲೋಕಪ್ಪ ಮೂಗಿನ ಮೇಲೆ ಬೆರಳಿಟ್ಟ. ನಾಗರಾಜಪ್ಪನ ಮನೆಯ ಟೇಬಲ್ ಫ್ಯಾನೂ ಬಂತು, ಅದೂ ತಿರುಗಿತು.

"ನೋಡಿದ್ರಾ, ಪಾಳಿ ಹಾಕಿದ್ದು ಎಷ್ಟು ಚಲೋ ಆತು," ನಾಗರಾಜಪ್ಪ ಊರೆಲ್ಲ ಹೇಳಿಕೊಂಡು ತಿರುಗಿದರು. "ಗಾಳಿ ಬದಲಾದ್ರೆ ಕಾಯಿಲೆ ಬದಲಾಗ್ತೈತಿ."

ರೋಜಾಳಿಗೂ ಹಾಗೇ ಅನಿಸಿತು. ಆ ತಿಂಗಳ ಮಂಗಳವಾರವೂ ಸೂಜಿ ಆತೇನೋ ಎಂದು ಕೇಳಿದಳು, ಅವನೂ "ಆತು" ಅಂದ. ಮುಖ ನೋಡಿದರೆ ಸಂಶಯಪಡುವಂತೆ ಇರಲಿಲ್ಲ.

ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಮಾಳೇಶ ಚಾ ಅಂಗಡಿಗೆ ಹೋಗುವುದು ಬಿಟ್ಟ. ರೇಡಿಯೋ ಆರಿಸಿಟ್ಟ. ಕುಡಿಯುವ ನೀರಿನ ಕೊಡವನ್ನು ತನ್ನ ಹಾಸಿಗೆಯ ಪಕ್ಕಕ್ಕೆ ಎತ್ತಿಟ್ಟುಕೊಂಡು, "ಇದನ್ನ ಯಾರು ಮುಟ್ಟಿದ್ರು?" ಎಂದು ದಿನಕ್ಕೆ ಹತ್ತು ಸಲ ಕೇಳತೊಡಗಿದ. ಸಂಗೀತ ಒಮ್ಮೆ ಅವನ ತಟ್ಟೆಗೆ ಸಾರು ಬಡಿಸಿದರೆ, ಮೊದಲು ನೀನು ಕುಡಿ ಅಂದ. ಅವಳು ನಕ್ಕು ಕುಡಿದಳು. ಅವನು ನಗಲಿಲ್ಲ.

ಕಾರ್ತಿಕದ ಅಮಾವಾಸ್ಯೆ ಬಂತು. ಲೋಕಪ್ಪ ಚೀಲ ಕಟ್ಟುತ್ತಿದ್ದ ಹೆಂಡತಿಯ ಬಳಿ ಬಂದು ನಿಂತ.

"ಈ ಸಲ ಬ್ಯಾಡೇನೋ. ಅವನು ನಿದ್ದೇನೇ ಮಾಡ್ತಿಲ್ಲ."

"ಅಲ್ಲಿ ಮಾಡ್ತಾನೆ."

"ರೋಜಾ, ಹಳೇದೇ ತಿರುಗಿ ಬಂದಂಗೈತಿ."

"ಬಂದ್ರೆ ಅವರೂ ಒಂದಿಷ್ಟು ನೋಡ್ಲಿ. ಬರೇ ಚಲೋ ಇದ್ದಾಗ ಅಣ್ಣ, ಕೆಟ್ಟಾಗ ಅತ್ತಿಗಿ ಪಾಲಿಗಾ? ಮೆಕ್ಕೆಜೋಳ ಬಿಡಿಸೋ ಮಷಿನ್ನಿನೋರು ನಾಳೆ ಬರ್ತಾರೆ, ಹತ್ತು ಜನಕ್ಕೆ ಬೇಯಿಸ್ಬೇಕು. ಪಾಳಿ ಅಂದ್ರೆ ಪಾಳಿ."

ಮಾಳೇಶ ಹೊಸಿಲಲ್ಲಿ ನಿಂತು ಕೇಳುತ್ತಿದ್ದ. ರೋಜಾ ಚೀಲವನ್ನು ಅವನ ಕೈಗೆ ಕೊಟ್ಟಳು.

*

ಫೋನು ಬಂದದ್ದು ಹದಿನೈದು ದಿನಕ್ಕೆ. ಗಂಗಾಶ್ರೀಯ ಅಳುವಿನಲ್ಲಿ ಮಾತು ಬಿಡಿಸಿಕೊಳ್ಳುವುದೇ ಕಷ್ಟವಾಯಿತು. ಮಾಳೇಶನನ್ನು ಹೊಸಬಾಳೆ ಊರಿನ ಗದ್ದೆಯಲ್ಲಿ ಹೊಡೆದಿದ್ದಾರೆ. ಕುರಿ ಕದಿಯಲು ಬಂದವನೆಂದು. ಸೊರಬದ ಆಸ್ಪತ್ರೆಯಲ್ಲಿದ್ದಾನೆ.

ಲೋಕಪ್ಪ, ರೋಜಾ ಸಿಕ್ಕ ಬಸ್ಸು ಹತ್ತಿ ಹೋದರು. ಬಲಗೈ ಮುರಿದಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದು ಕಣ್ಣಿನಿಂದ ಮಾಳೇಶ ರೋಜಾಳನ್ನು ನೋಡಿ, "ನೀರಿಗೆ ಏನೂ ಹಾಕಿಲ್ಲ ತಾನೆ?" ಅಂದ. ಅವಳು ಬಾಟಲಿಯ ನೀರನ್ನು ತಾನು ಒಂದು ಗುಟುಕು ಕುಡಿದು ಕೊಟ್ಟಳು.

ಕೊಟ್ರೇಶ್ ಹೊರಗೆ ನಿಂತಿದ್ದ. ಹೇಳಲು ಅವನಿಗೂ ಮುಜುಗರ. "ನಾಕು ದಿನದಿಂದ ಮನೇಲಿ ಉಣ್ತಿರ್ಲಿಲ್ಲ. ನನ್ನ ತಾಯಿ ವಿಷ ಹಾಕ್ತಾಳೆ ಅಂತ. ಮತ್ತೆ ಚಾ ಅಂಗಡೀಲಿ ಯಾರೋ ಹೇಳಿದ್ರಂತೆ, ಹಿರೇಕೆರೂರು ಕಡೆಯೋರ ಹಿಂಡು ಹೊಸಬಾಳೇಲಿ ಗೊಬ್ಬರಕ್ಕೆ ಗದ್ದೇಲಿ ಕೂಡ್ಹಾಕ್ಯಾರೆ ಅಂತ. 'ನಮ್ಮ ಕುರಿ ಅದಾವೆ, ಕರ್ಕೊಂಡೋಗು ಭಾವ' ಅಂತ ಒಂದೇ ಹಟ. ನಾನು ಎಂತ ಮಾಡದು? ಸುಮ್ನೆ ಕೂತ್ಕ ಮಾರಾಯ ಅಂದೆ. ಬೆಳಿಗ್ಗೆ ನೋಡಿದ್ರೆ ಇಲ್ಲ. ಅಲ್ಲಿಗೆ ನಡ್ಕಂಡು ಹೋಗಿ, ಹಿಂಡಿನ ಸುತ್ತ ಕಟ್ಟಿದ ಬಲೆ ಎತ್ತಿ, ಕುರಿ ಹೊಡ್ಕಂಡು ಹೊಂಟಾನೆ. ಕಾಯೋ ಹುಡುಗರು ಹೊಸಬರು. ನಂದು ನಂದು ಅಂತ ಕೂಗಿದ್ನಂತೆ. ಯಾರು ನಂಬ್ತಾರೆ?"

ಲೋಕಪ್ಪ ಕೊಟ್ರೇಶನ ಬೈಕಿನ ಕೀ ಕೇಳಿ ಇಸಿದುಕೊಂಡು ಹೊಸಬಾಳೆಗೆ ಹೋದ.

ಒಳಗೆ ಡಾಕ್ಟರಮ್ಮ ಕೇಳಿದರು. "ಇವರಿಗೆ ತಿಂಗಳ ಇಂಜೆಕ್ಷನ್ ಇತ್ತಲ್ಲ, ಕೊನೇದು ಯಾವಾಗ ಆಗಿದ್ದು?"

ರೋಜಾ ಗಂಗಾಶ್ರೀಯ ಮುಖ ನೋಡಿದಳು. ಗಂಗಾಶ್ರೀ ರೋಜಾಳ ಮುಖ ನೋಡಿದಳು.

"ನೀನಲ್ವ ಹಾಕ್ಸಿದ್ದು?" ಅಂದಳು ರೋಜಾ. "ಸೊರಬಕ್ಕೆ ಕರ್ಕೊಂಡು ಬಂದು?"

"ನಾನೆಲ್ಲಿ? ಅಲ್ಲೇ ಶಿಕಾರಿಪುರದಾಗೆ ಹಾಕ್ಸಿಯೇ ಕಳಿಸ್ತೀರಿ ಅಂದ್ಕಂಡಿದ್ದೆ. ಕೇಳಿದ್ರೆ ಮಾಳೇಶಣ್ಣನೂ ಆತು ಅಂತಿದ್ದ."

ಅಮಾವಾಸ್ಯೆಗೆ ಮನುಷ್ಯ ದಾಟುತ್ತಿದ್ದ. ಕೊನೆಯ ಮಂಗಳವಾರ ಬರುತ್ತಿದ್ದದ್ದು ದಾಟಿದ ಮೇಲೆ. ಹೊಸ ಮನೆಯವರು ಹಳೆ ಮನೆಯವರ ಕೈಯಲ್ಲಿ ಆಗಿದೆ ಎಂದುಕೊಂಡರು. ಮಾಳಮ್ಮ ಸತ್ತಂದಿನಿಂದ ಒಂದೇ ಒಂದು ಸೂಜಿ ಬಿದ್ದಿರಲಿಲ್ಲ. ಆಸ್ಪತ್ರೆಯವರು ಬಂದಿಲ್ಲವೆಂದು ಫೋನು ಮಾಡಿಯೇ ಇದ್ದರು. ಅವರಲ್ಲಿದ್ದದ್ದು ಮಾಳಮ್ಮನ ನಂಬರು. ಆ ಫೋನು ಬೀರುವಿನಲ್ಲಿ ಅವಳ ಸೀರೆಗಳ ನಡುವೆ ಚಾರ್ಜಿಲ್ಲದೆ ಬಿದ್ದಿತ್ತು.

"ಮಾತ್ರೆ ತಪ್ಪಿಸಿಲ್ಲ ಡಾಕ್ಟ್ರೇ," ಅಂದಳು ರೋಜಾ. "ನಾನೇ ನಿಂತು ನುಂಗಿಸ್ತಿದ್ದೆ."

"ಅದು ಕೈ ನಡುಕಕ್ಕೆ ಕೊಡೋ ಮಾತ್ರೆ ಅಮ್ಮ. ಕಾಯಿಲೆಗೆ ಇದ್ದದ್ದು ಇಂಜೆಕ್ಷನ್."

"ಕೈ ನಡುಗೋದು ಪೂರ್ತಿ ನಿಂತಿತ್ತು. ಮಿಕ್ಸಿ ರಿಪೇರಿ ಮಾಡ್ದ. ಹುಷಾರಾದ ಅಂದ್ಕೊಂಡ್ವಿ."

"ಇಂಜೆಕ್ಷನ್ ಮೈಯಿಂದ ಇಳೀತಾ ಬಂದಿತ್ತು. ಅದಕ್ಕೇ ನಡುಕ ನಿಂತಿದ್ದು," ಅಂದರು ಡಾಕ್ಟರಮ್ಮ.

ಹೊರಗೆ ಬೇವಿನ ಮರದ ಕೆಳಗೆ ನಾದಿನಿ ಅತ್ತಿಗೆ ಜಗಳ ಶುರುವಾಯಿತು.

"ಪಾಳಿ ಬೇಕು ಅಂತ ಕುಣಿದೋಳು ನೀನು ಅತ್ತಿಗೆ!"

"ಹ್ಞೂಂ, ನಾನೇ. ನೀನು ಪಾಪ ಪಾಪ ಅಂತ ಹೊಸ ತಟ್ಟೇಲಿ ಬಡಿಸಿದ್ಯಲ್ಲ, ಒಂದಿನ ಆಸ್ಪತ್ರೆ ಕಡೆ ಕರ್ಕೊಂಡು ಬಂದ್ಯಾ?"

"ನನ್ನ ಅತ್ತೆ ಆ ತಟ್ಟೆ ಇಟ್ಟಿದ್ದು. ನಂಗೆ ಆ ಮನೇಲಿ ಬಾಯಿ ಐತಾ?"

"ನಂಗೆ ಬಾಯಿ ಐತಿ ಅಂತಾನೇ ಎಲ್ಲರೂ ನನ್ನ ಬಯ್ಯೋದು!"

ಅಷ್ಟು ಹೊತ್ತಿಗೆ ಲೋಕಪ್ಪ ಬಂದ. ಬೈಕು ನಿಲ್ಲಿಸಿ, ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಮೊಣಕಾಲವರೆಗೂ ಕೆಸರು.

"ನೋಡ್ದೆ. ಒಂದೊಂದರ ಕಿವೀನೂ ಹಿಡಿದು ನೋಡ್ದೆ," ಅಂದ. "ಎಡಗಿವಿಗೆ ಎರಡು ಕಚ್ಚು. ನಮ್ಮವೇ."

ಗಂಗಾಶ್ರೀ ಅವನ ಪಕ್ಕ ಕಟ್ಟೆಯ ಮೇಲೆ ಕೂತಳು.

"ಕುಂಟಿ ಗೊರಸು ಕೊಳೆತು ಹುಳ ಬಿದ್ದಾವೆ," ಅಂದ ಲೋಕಪ್ಪ, ಮುಖವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು.

*

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಾಳೇಶ ಮೂರು ವಾರ ಇದ್ದ. ಅಷ್ಟೂ ದಿನ ಜೊತೆಗಿದ್ದದ್ದು ಲೋಕಪ್ಪ. ಮೊಟ್ಟಮೊದಲ ಬಾರಿಗೆ ತಮ್ಮನಿಗೆ ಸ್ನಾನ ಮಾಡಿಸಿದ, ಅವನ ಉಚ್ಚೆ ಬಟ್ಟೆ ಒಗೆದ. "ಇದನ್ನ ದಿನಾ ಮಾಡ್ತಿದ್ರೇನೆ ಅವ್ವ ಮತ್ತೆ ನೀನು?" ಎಂದು ಫೋನಿನಲ್ಲಿ ಕೇಳಿದ. ರೋಜಾ ಫೋನು ಕಟ್ ಮಾಡಿದಳು.

ಕೇಸಿಗೆ ಹೆದರಿ ಕುರಿಗಾರ ಹಿಂಡನ್ನು ತಾನಾಗೇ ತಂದು ದೊಡ್ಡಿಗೆ ಬಿಟ್ಟು ಹೋದ. ಐದಾರು ಕಡಿಮೆ ಇದ್ದವು. ಯಾರೂ ಕೇಳಲಿಲ್ಲ.

ಮಾಳೇಶ ಮನೆಗೆ ಬಂದ ದಿನ ರೋಜಾ ಅವನ ಎಡಗೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಕೈ ಮತ್ತೆ ನಡುಗುತ್ತಿತ್ತು. ಕುರಿಗಳು ಅವನ ವಾಸನೆ ಹಿಡಿದು ಬೇಲಿಗೆ ಬಂದು ಒತ್ತಿ ನಿಂತವು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಹೋಗೋ. ನಿನ್ನವೇ ಅದಾವೆ."

"ಅಲ್ಲ ಅತ್ತಿಗಿ," ಅಂದ, ಮೆಲ್ಲಗೆ, ಯಾರಿಗೂ ಕೇಳಬಾರದು ಎಂಬಂತೆ. "ನಮ್ಮವಲ್ಲ. ಬ್ಯಾರೆಯೋರವು. ಮುಟ್ಟಿದ್ರೆ ಹೊಡೀತಾರೆ."

ಎಷ್ಟು ಹೇಳಿದರೂ ಕೇಳಲಿಲ್ಲ. ಅಂದಿನಿಂದ ಹಿತ್ತಲಿಗೆ ಕಾಲಿಡುವುದನ್ನೇ ಬಿಟ್ಟ. ನೀರಿನ ಕೊಡದ ಸಂಶಯ ಹೋಯಿತು, ಕಿವಿಯವರು ದನಿ ತಗ್ಗಿಸಿದರು, ಎರಡು ಹೊತ್ತು ಉಂಡ, ಮಲಗಿದ. ಆದರೆ ಅಮ್ಮನ ಕಾಲದಲ್ಲಿ ಕೂಡಿಬಂದಿದ್ದ ಬದುಕಿನ ಎಳೆ ಮತ್ತೆ ಅವನ ಕೈಗೆ ಸಿಗಲಿಲ್ಲ. ಅಷ್ಟಕ್ಕೆ ಎಷ್ಟು ವರ್ಷ ಹಿಡಿದಿತ್ತೋ, ಇನ್ನೆಷ್ಟು ಹಿಡಿಯುತ್ತದೋ, ಸಿಗುತ್ತದೋ ಇಲ್ಲವೋ, ಡಾಕ್ಟರೂ ಹೇಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ಮೊದಲು ನಾಗರಾಜಪ್ಪ ಮತ್ತೆ ಜಗಲಿಗೆ ಬಂದರು. ಗಂಗಾಶ್ರೀ, ಕೊಟ್ರೇಶ್ ಬಂದಿದ್ದರು.

"ನಮ್ಮನೇಗೆ ಇನ್ನು ಆಗಲ್ಲ," ಅಂದ ಕೊಟ್ರೇಶ್. "ತಾಯಿ ಬಾವಿಗೆ ಬೀಳ್ತೀನಿ ಅಂತಾಳೆ."

"ದಾವಣಗೆರೆ ಹತ್ರ ಒಂದು ಆಶ್ರಮ ಐತಿ," ಅಂದರು ನಾಗರಾಜಪ್ಪ. "ಇಂಥೋರನ್ನೇ ಇಟ್ಕಳ್ತಾರೆ. ಊಟ, ಔಷಧಿ ಎಲ್ಲ ಅವರದೇ. ಬಿಟ್ಟು ಬಂದ್ರೆ ಆತು."

"ಬಿಟ್ಟು ಬರಾಕೆ ಬೆಕ್ಕೇನು ಅವನು?" ಸಂಗೀತ ಒಳಗಿನಿಂದ ಚೀರಿದಳು.

"ನೀ ಓದ್ಕೊ ಹೋಗು," ಅಂದ ಲೋಕಪ್ಪ. ಆದರೆ ಆಶ್ರಮ ಬೇಡವೆಂದು ಅವನೂ ಹೇಳಲಿಲ್ಲ. ಉಗುರು ಕಿತ್ತುಕೊಳ್ಳುತ್ತ ಕೂತ.

ರೋಜಾ ಬಾಗಿಲಿಗೆ ಬಂದಳು. ಮಾಳೇಶ ಅದೇ ಕಂಬಕ್ಕೆ ಒರಗಿ ಕೂತಿದ್ದ.

"ಅವನನ್ನ ಒಂದು ಮಾತು ಕೇಳ್ರಿ," ಅಂದಳು.

"ಅವನಿಗೇನು ಗೊತ್ತಾಗ್ತೈತೆ ತಂಗಿ."

"ನಿಮಗೆ ಎಷ್ಟು ಗೊತ್ತಾಗ್ತೈತಿ ಅನ್ನೋದೂ ನೋಡಿದ್ವಲ್ಲ. ಲೋ ಮಾಳೇಶ, ಹೇಳೋ. ಎಲ್ಲಿರ್ತೀ?"

ಮಾಳೇಶ ಕಂಬ ಬಿಟ್ಟು ನೆಟ್ಟಗೆ ಕೂತ. ಸೂಜಿಯಿಂದ ನಾಲಿಗೆ ದಪ್ಪವಾಗಿತ್ತು.

"ಸೂಜಿ ಆತು ಅಂತ ಸುಳ್ಳು ಹೇಳಿದ್ದು ನಾನೇ," ಅಂದ. "ಕೈ ನೆಟ್ಟಗಾಗ್ತಿತ್ತು. ಅದಕ್ಕೆ." ಆಮೇಲೆ ಅಂದ, "ಎಲ್ಲಾದ್ರೂ ಸೈ. ಒಂದ್ ಕಡೆ ಇಡ್ರಿ. ಎತ್ತಿ ಎತ್ತಿ ಇಡಬ್ಯಾಡ್ರಿ."

"ಇಲ್ಲೇ ಇರ್ತಾನೆ," ಅಂದಳು ರೋಜಾ. "ಪಾಳಿ ಗೀಳಿ ಏನಿಲ್ಲ. ಮಂಗಳವಾರ ಆಸ್ಪತ್ರೆಗೆ ನೀವು ಕರ್ಕೊಂಡು ಹೋಗ್ಬೇಕು," ಇದು ಗಂಡನಿಗೆ. "ಹೊಲ ಸುಟ್ಟು ಹೋಗ್ತಿದ್ರೂ ಹೋಗ್ಬೇಕು. ಒಂದು ತಿಂಗಳು ತಪ್ಪಿದ್ರೆ ನಾನು ತವರಿಗೆ ಹೋಗೋಳೇ."

ಕೊಟ್ರೇಶ್ ಹೆಂಡತಿಯ ಕಡೆ ನೋಡಿ ಸಣ್ಣಗೆ ನಕ್ಕ. "ಆ ಒಂದೂವರೆ ಎಕರೆ ಪೂರ್ತಿ ಇಲ್ಲೇ ಉಳೀತು ಅನ್ನಕ್ಕ."

"ಹ್ಞೂಂ ಕಣಪ್ಪ. ಜಮೀನಿಗೇ ಇಟ್ಕಂತಿರೋದು," ಅಂದಳು ರೋಜಾ. "ನಿಂಗೆ ಬೇಕಾದ್ರೆ ಹೇಳು, ಜಮೀನಿನ ಜೊತೆ ಅವನನ್ನೂ ಕಟ್ಟಿ ಕಳಿಸ್ತೀನಿ. ಈಗ್ಲೇ."

ಕೊಟ್ರೇಶ್ ಬೈಕಿನ ಕೀ ಹುಡುಕಿಕೊಳ್ಳತೊಡಗಿದ.

ಬಂದವರು ಹೊರಟ ಮೇಲೆ ಮನೆಯವರು ಊಟಕ್ಕೆ ಕೂತರು. ಮುದ್ದೆ, ಹುರುಳಿಕಾಳಿನ ಸಾರು. ಮಾಳೇಶನ ಬಲಗೈಗೆ ಇನ್ನೂ ಪಟ್ಟಿ ಇತ್ತು. ರೋಜಾ ಮುದ್ದೆಯನ್ನು ತುಂಡು ತುಂಡು ಮಾಡಿ, ಸಾರಿನಲ್ಲಿ ಅದ್ದಿ ಅವನ ಎಡಗೈಗೆ ಸಿಗುವಂತೆ ಇಟ್ಟಳು. ಲೋಕಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ.

"ನಿಂಗೂ ವಯಸ್ಸಾತು ರೋಜಾ. ಸಕ್ರೆ ಕಾಯಿಲೆ ಬ್ಯಾರೆ. ನಾವಿಬ್ಬರೂ ಹೋದ್ಮೇಲೆ ಇವನ ಗತಿ?"

ಸಂಗೀತ ಸಾರು ಸುರಿದುಕೊಳ್ಳುತ್ತ, ನಾಳೆ ಬಸ್ಸಿಗೆ ಚಿಲ್ಲರೆ ಬೇಕು ಎನ್ನುವಷ್ಟೇ ಹಗುರವಾಗಿ ಅಂದಳು, "ನಾನಿಲ್ವೇನಪ್ಪ. ನಾನು ನೋಡ್ಕಂತೀನಿ ಚಿಗಪ್ಪನ್ನ."

ರೋಜಾಳ ಕೈ ಎದ್ದದ್ದು ಯಾರಿಗೂ ಕಾಣಲಿಲ್ಲ. ಮಗಳ ಕೆನ್ನೆಗೆ ಬಿದ್ದ ಸದ್ದು ಮಾತ್ರ ಕೇಳಿತು.

"ಆ ಮಾತು ಇನ್ನೊಂದ್ಸಲ ನಿನ್ನ ಬಾಯಾಗ ಬಂದ್ರೆ ನೋಡು! ನಾನೂ ಈ ಮನೆಗೆ ಬಂದ ಹೊಸದ್ರಾಗ ಹಿಂಗೇ ಅಂದಿದ್ದೆ ನಿಮ್ಮಜ್ಜಿಗೆ. 'ನಾನಿಲ್ವ ಅತ್ತಿ' ಅಂತ. ನಿನ್ನಷ್ಟೇ ವಯಸ್ಸಿಗೆ. ಓದು. ಎಲ್ಲಾದ್ರೂ ದೂರ ಕೆಲಸ ಹಿಡಿ. ಈ ಹೊಸಿಲ ಕಡೆ ಬರಬ್ಯಾಡ."

ಸಂಗೀತ ಕೆನ್ನೆ ಹಿಡಿದು ಬಾಯಿ ತೆರೆದು ಕೂತಳು. ಲೋಕಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಹೊಡೀಬ್ಯಾಡ ಅತ್ತಿಗಿ," ಅಂದ ಮಾಳೇಶ. ಗದ್ದದಿಂದ ಸಾರು ಇಳಿಯುತ್ತಿತ್ತು. ಅವನ ದನಿಯಲ್ಲಿ ದುಃಖವಿರಲಿಲ್ಲ. ತನ್ನಿಂದಾಗುವ ಒಂದು ಅನುಕೂಲವನ್ನು ತಿಳಿಸುವವನಂತಿದ್ದ. "ಅಷ್ಟು ದಿನ ಬೇಕಾಗಲ್ಲ. ಆಸ್ಪತ್ರ್ಯಾಗ ನನ್ನ ಜೊತೆಗಿದ್ದೋರು ಹೇಳ್ತಿದ್ರು, ನಮ್ಮಂಥೋರು ಬೇಗ ಹೋಗ್ತಾರಂತೆ. ನಿಮಗಿಂತ ಮೊದ್ಲು ನಾನು ಹೋಗ್ತೀನಿ ಬಿಡ್ರಿ."

ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ರೋಜಾಳ ಎದೆ ಒಂದಿಷ್ಟು ಹಗುರಾಯಿತು. ಹಗುರಾದದ್ದು ಅವಳಿಗೆ ಗೊತ್ತಾಯಿತು. ಸೌಟು ಹಿಡಿದ ಕೈ ಪಾತ್ರೆಯ ಮೇಲೆ ಹಾಗೇ ನಿಂತಿತು. ತಲೆಯೆತ್ತಿ ಯಾರ ಮುಖವನ್ನೂ ನೋಡಲು ಅವಳಿಂದ ಆಗಲಿಲ್ಲ.

"ಸುಮ್ನೆ ಉಣ್ಣೋ," ಅಂದಳು.